ಹಪ್ಪಳದ ಮೇಲೆ ಬಗ್ಗಿ

1999ರ ರೀ-ವೋಲ್ಟ್ ಗೇಮಿನಲ್ಲಿ ಆಟಿಕೆ ಕಾರು ಓಡಿಸಿ ಬೆಳೆದವನು ನಾನು. ಹಾಗಾಗಿ ಆರ್‌ಸಿ ಬಗ್ಗಿ, ಅಂದರೆ ರಿಮೋಟಿನಲ್ಲಿ ಓಡೋ ಆಟಿಕೆ ಕಾರು, ಕೈಗೆ ಬಂದಾಗ ಎಲ್ಲ ಗೊತ್ತು ಅನ್ನೋ ಧಿಮಾಕಿತ್ತು. ತೀರ್ಥಹಳ್ಳಿ ಮನೆಯ ಅಂಗಳದಲ್ಲಿ ಹಲಗೆ ಓರೆಯಾಗಿಟ್ಟು ಹಾರಿಸಿದೆ. ಮೂತಿ ಮೇಲೆದ್ದು ಅಂಗಾತ ಬಿತ್ತು. ಗೇಮಲ್ಲಾದರೆ ಒಂದು ಬಟನ್ ಸಾಕು, ಇಲ್ಲಿ ಬರಿಗಾಲಲ್ಲಿ ಓಡಬೇಕು!

ಗಾಳಿಯಲ್ಲಿರುವಾಗ ಥ್ರಾಟಲ್ ಒತ್ತಿದರೆ ಚಕ್ರ ಜೋರಾಗಿ ತಿರುಗಿ ಮೂತಿ ಏಳುತ್ತದೆ. ಬ್ರೇಕ್ ಒತ್ತಿದರೆ ಇಳಿಯುತ್ತದೆ. ಇದು ಬೆರಳಿಗೆ ಹತ್ತೋಕೆ ಎರಡು ವಾರ ಬೇಕಾಯ್ತು. ಇನ್ನೊಂದು ಪೇಚು, ಕಾರು ನಮ್ಮ ಕಡೆಗೇ ಬರುವಾಗ ಎಡ ಬಲ ಅದಲುಬದಲು. ಹಾಗೇ ಒಂದು ದಿನ ಒಣಹಾಕಿದ್ದ ಹಲಸಿನ ಹಪ್ಪಳದ ಮೇಲೆ ಹತ್ತಿಸಿಬಿಟ್ಟೆ. ಅಮ್ಮ ಬೈಯಲಿಲ್ಲ. "ಟೈರಿನ ಗುರುತಿರೋದೆಲ್ಲ ನಿಂಗೇ ಕರೀತೀನಿ ಮಾರಾಯ" ಅಂದಳು.

ಕರಿದಳು ಕೂಡ.