ಅಂಬೇಡ್ಕರ್ ಭಾಷಣ, ಕಾಗೋಡಿನ ಪ್ರಶ್ನೆ: ವಾದಗಳನ್ನು ಬಿಡಿಸುವ ಕೆಲಸ ಎಲ್ಲಿಗೆ ಬಂತು

1949ರ ನವೆಂಬರ್ 25ರಂದು ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣವನ್ನು ಒಂದೊಂದು ವಾದವಾಗಿ ಬಿಡಿಸಿ ನೋಡುವ ಕೆಲಸ ಅರ್ಧ ದಾಟಿದೆ. ನಡುವೆ ಅಡಿಕೆಗೆ ಔಷಧಿ ಹೊಡೆಯುವ ಗಡಿಬಿಡಿಯಲ್ಲಿ ನಿಂತುಹೋಗಿತ್ತು. ಈಗ ಮತ್ತೆ ಕೂತಿದ್ದೇನೆ. ಸಾಗರದಲ್ಲಿ ವಕೀಲಿ ಮಾಡುವ ಗೆಳೆಯನೂ ಜೊತೆಗಿದ್ದಾನೆ.

ನಮ್ಮ ಕ್ರಮ ಸರಳ. ಭಾಷಣವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ, ಪುಟದ ಬಲಗಡೆ ಅರ್ಧ ಖಾಲಿ ಬಿಟ್ಟಿದ್ದೇವೆ. ಒಂದೊಂದು ಬಗೆಯ ವಾದಕ್ಕೆ ಒಂದೊಂದು ಬಣ್ಣದ ಪೆನ್ಸಿಲ್. ಹೋಲಿಕೆ ಕೊಟ್ಟರೆ ಹಸಿರು, ಇತಿಹಾಸದ ನಿದರ್ಶನಕ್ಕೆ ಕಂದು, ದೊಡ್ಡವರ ಮಾತನ್ನು ಆಧಾರ ಮಾಡಿಕೊಂಡರೆ ನೀಲಿ, ಹೀಗಾದರೆ ಹೀಗಾಗುತ್ತದೆ ಎಂದು ಪರಿಣಾಮ ತೋರಿಸಿದರೆ ಕೆಂಪು, ಮಾತು ಬಿಟ್ಟು ಆಡಿದವರ ಉದ್ದೇಶಕ್ಕೆ ಕೈಹಾಕಿದರೆ ಬೂದು. ಇಬ್ಬರೂ ಬೇರೆ ಬೇರೆ ಪ್ರತಿಯಲ್ಲಿ, ಮಾತಾಡಿಕೊಳ್ಳದೆ ಗುರುತು ಹಾಕುತ್ತೇವೆ. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡುತ್ತೇವೆ. ಬಣ್ಣ ಬೇರೆಯಾದ ಕಡೆಯೇ ಜಾಸ್ತಿ ಕಲಿಯಲು ಸಿಗುವುದು. ಕಂಪ್ಯೂಟರಿನಲ್ಲಿ ಮಾಡಬಹುದಿತ್ತು. ಆದರೆ ಮಳೆ ಹಿಡಿದ ಮೇಲೆ ಇಲ್ಲಿ ಕರೆಂಟ್ ನಂಬಿ ಕೂರುವ ಹಾಗಿಲ್ಲ.

ಖಾಲಿ ಬಿಟ್ಟ ಅರ್ಧ ಪುಟ ಇನ್ನೊಂದು ಕೆಲಸಕ್ಕೆ. ಅಲ್ಲಿ 'ಹೇಳದೆ ಬಿಟ್ಟ ಮಾತು' ಬರೆಯಬೇಕು. ತತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ಕೊಟ್ಟ ಮಾದರಿಯಿಂದ ತೆಗೆದುಕೊಂಡದ್ದು ಇದು. ಒಂದು ತೀರ್ಮಾನ ಇರುತ್ತದೆ, ಅದಕ್ಕೊಂದು ಆಧಾರ ಇರುತ್ತದೆ. ಆಧಾರದಿಂದ ತೀರ್ಮಾನಕ್ಕೆ ದಾಟಿಸುವ ನಂಬಿಕೆ ಎಷ್ಟೋ ಸಲ ಬಾಯಿಗೆ ಬರುವುದೇ ಇಲ್ಲ. ನಮ್ಮ ಹಳೆಯ ನ್ಯಾಯಶಾಸ್ತ್ರದವರು, ಅಂದರೆ ತರ್ಕದ ಪಂಡಿತರು, ಇದನ್ನು ಬಾಯಿಬಿಟ್ಟು ಹೇಳಲೇಬೇಕು ಎನ್ನುತ್ತಿದ್ದರು. ಬೆಟ್ಟದಲ್ಲಿ ಬೆಂಕಿಯಿದೆ, ಯಾಕೆಂದರೆ ಹೊಗೆ ಕಾಣುತ್ತಿದೆ ಅಂದರೆ ಸಾಲದು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಕಂಡ ಹಾಗೆ, ಎಂದೂ ಸೇರಿಸಬೇಕು. ವಾದವನ್ನು ಐದು ಅವಯವಗಳಾಗಿ, ಅಂದರೆ ಐದು ಭಾಗಗಳಾಗಿ, ಹೇಳುವ ಆ ಪದ್ಧತಿ ರಾಜಕೀಯ ಭಾಷಣಕ್ಕೂ ಎಷ್ಟು ಚೆನ್ನಾಗಿ ಒಗ್ಗುತ್ತದೆ ಎಂದು ನೋಡಿ ನನಗೆ ಖುಷಿಯಾಯಿತು.

ಭಾಷಣದ ಮೊದಲ ಭಾಗ ಬೇಗ ಮುಗಿಯಿತು. ಸಂವಿಧಾನ ಬರೆಯಲು ಇಷ್ಟು ಕಾಲ ಯಾಕೆ ಬೇಕಾಯಿತು ಎಂಬ ಆರೋಪಕ್ಕೆ ಅಲ್ಲಿ ಉತ್ತರವಿದೆ. ಪುಟ ಪೂರ್ತಿ ಹಸಿರು. ನಮಗೆ 2 ವರ್ಷ, 11 ತಿಂಗಳು, 17 ದಿನ. ಅಮೆರಿಕಕ್ಕೆ 4 ತಿಂಗಳು, ಕೆನಡಾಕ್ಕೆ 2 ವರ್ಷ 5 ತಿಂಗಳು, ಆಸ್ಟ್ರೇಲಿಯಾಕ್ಕೆ 9 ವರ್ಷ, ದಕ್ಷಿಣ ಆಫ್ರಿಕಾಕ್ಕೆ 1 ವರ್ಷ. ಇಷ್ಟೇ ಆಗಿದ್ದರೆ ವಾದ ಸೋಲುತ್ತಿತ್ತು. ನಾಲ್ಕರಲ್ಲಿ ಮೂರು ದೇಶ ನಮಗಿಂತ ಬೇಗ ಮುಗಿಸಿವೆಯಲ್ಲ! ಅದಕ್ಕೇ ಅವರು ಅಳತೆಗೋಲನ್ನೇ ಸರಿಪಡಿಸುತ್ತಾರೆ. ನಮ್ಮದು 395 ವಿಧಿಗಳು, ಅಮೆರಿಕದ್ದು 7, ಕೆನಡಾದ್ದು 147. ಮೇಲಾಗಿ ನಾವು 2,473 ತಿದ್ದುಪಡಿಗಳನ್ನು ಎದುರಿಸಿದೆವು, ಅವರಿಗೆ ಆ ಕಷ್ಟ ಇರಲಿಲ್ಲ. ಹೋಲಿಸುವಾಗ ಎರಡೂ ಕಡೆಯ ಹೊರೆ ಒಂದೇ ಇದೆಯೇ ಎಂದು ಕೇಳಬೇಕು. ಆ ಪ್ರಶ್ನೆಯನ್ನು ಅವರೇ ಕೇಳಿಕೊಂಡು ಉತ್ತರವನ್ನೂ ಕೊಟ್ಟುಬಿಡುತ್ತಾರೆ.

ಇತಿಹಾಸದ ಭಾಗದಲ್ಲಿ ನಮ್ಮಿಬ್ಬರ ಬಣ್ಣ ಬೇರೆಯಾಯಿತು. ಸಿಂಧ್‌ನ ದಾಹಿರ ರಾಜನ ಸೇನಾಪತಿಗಳು ಲಂಚ ತಿಂದದ್ದು, ಜಯಚಂದ್ರ ಘೋರಿಯನ್ನು ಕರೆದದ್ದು, ಹೀಗೆ ನಮ್ಮವರ ದ್ರೋಹದಿಂದಲೇ ಸ್ವಾತಂತ್ರ್ಯ ಹೋಯಿತು ಎಂದು ಸಾಲು ಸಾಲಾಗಿ ತೋರಿಸುತ್ತಾರೆ. ನಾನು ಕಂದು ಹಚ್ಚಿದೆ. ಗೆಳೆಯ ಕೆಂಪು ಹಚ್ಚಿದ್ದ. ಇದು ಮುಂದಾಗುವುದರ ಎಚ್ಚರಿಕೆ, ಹಿಂದಿನದು ಬರೀ ಸಾಕ್ಷಿ ಎಂಬುದು ಅವನ ಲೆಕ್ಕ. ಮುಂದೆ ಓದಿದಾಗ ಅವನ ಮಾತೇ ಸರಿ ಅನಿಸಿತು. ಸ್ವಾತಂತ್ರ್ಯವನ್ನು ಎರಡನೇ ಸಲ ಕಳೆದುಕೊಳ್ಳುತ್ತೇವೆಯೇ ಎಂದು ಕೇಳಿದ ಹಾಗೆಯೇ, ಪ್ರಜಾಪ್ರಭುತ್ವವನ್ನೂ ಎರಡನೇ ಸಲ ಕಳೆದುಕೊಳ್ಳುತ್ತೇವೆಯೇ ಎಂದು ಕೇಳುತ್ತಾರೆ. ಅದಕ್ಕೆ ಸಾಕ್ಷಿಯಾಗಿ ಬೌದ್ಧ ಸಂಘಗಳು ಬರುತ್ತವೆ. ಕೂರುವ ಕ್ರಮ, ನಿರ್ಣಯ, ಕೋರಂ, ಮತ ಎಣಿಕೆ, ಎಲ್ಲಕ್ಕೂ ಅಲ್ಲಿ ನಿಯಮಗಳಿದ್ದವು ಎನ್ನುತ್ತಾರೆ. ಒಮ್ಮೆ ಹೋದದ್ದು ಮತ್ತೆ ಹೋಗಬಹುದು. ಎರಡು ಪ್ರಶ್ನೆಗಳ ಕೆಳಗೂ ಹೇಳದೆ ಬಿಟ್ಟ ಮಾತು ಇದೊಂದೇ.

ಈಗ ನಾವು ನಿಂತಿರುವುದು ಸತ್ಯಾಗ್ರಹದ ಪ್ಯಾರಾದಲ್ಲಿ. ಇದನ್ನು ದಾಟಲು ಮನಸ್ಸೇ ಬರುತ್ತಿಲ್ಲ. ರಕ್ತಪಾತದ ಕ್ರಾಂತಿಯ ದಾರಿ ಬಿಡಬೇಕು, ಅದರ ಜೊತೆಗೆ ಕಾನೂನುಭಂಗ, ಅಸಹಕಾರ, ಸತ್ಯಾಗ್ರಹಗಳನ್ನೂ ಬಿಡಬೇಕು ಎನ್ನುತ್ತಾರೆ ಅಂಬೇಡ್ಕರ್. ಅವನ್ನೆಲ್ಲ ಅರಾಜಕತೆಯ ವ್ಯಾಕರಣ ಎಂದು ಕರೆಯುತ್ತಾರೆ. ಹೇಳುತ್ತಿರುವವರು ಯಾರು? 1927ರಲ್ಲಿ ಮಹಾಡದ ಕೆರೆಯ ಸತ್ಯಾಗ್ರಹ, 1930ರಲ್ಲಿ ನಾಸಿಕದ ಕಾಳಾರಾಮ ದೇವಸ್ಥಾನದ ಸತ್ಯಾಗ್ರಹ ನಡೆಸಿದವರು. ಗೊತ್ತಿಲ್ಲದೆ ಆಡಿದ ಮಾತು ಇದಾಗಲು ಸಾಧ್ಯವಿಲ್ಲ.

ನಾನು ಇದಕ್ಕೂ ಕೆಂಪು ಹಚ್ಚಿದ್ದೆ. ಗೆಳೆಯ ಯಾವ ಬಣ್ಣವನ್ನೂ ಹಚ್ಚಿರಲಿಲ್ಲ. "ಅಲ್ಲ ಮಾರಾಯ, ಇದು ಷರತ್ತಿನ ವಾದ" ಅಂದ. "ಸಂವಿಧಾನದ ದಾರಿ ಮುಚ್ಚಿದ್ದಾಗ ಸತ್ಯಾಗ್ರಹಕ್ಕೆ ಸಮರ್ಥನೆ ಇತ್ತು, ತೆರೆದಿರುವಾಗ ಇಲ್ಲ ಅಂತಾರೆ. ಸರಿ. ತೆರೆದಿದೆ ಅಂತ ಸಾಬೀತು ಮಾಡೋ ಹೊಣೆ ಯಾರದ್ದು?" ವಕೀಲರ ಕಣ್ಣು ಅಲ್ವಾ, ನೇರ ಅಲ್ಲಿಗೇ ಹೋಗುತ್ತದೆ. ಆವತ್ತೇ ಹಳದಿ ಪೆನ್ಸಿಲ್ ಸೇರಿಸಿದೆವು, ಷರತ್ತಿನ ವಾದಗಳಿಗೆ.

ಆಮೇಲೆ ಮಾತು ಕಾಗೋಡಿಗೆ ಹೋಯಿತು. ಸಾಗರ ತಾಲ್ಲೂಕಿನಲ್ಲಿ ಕೂತು ಈ ಪ್ಯಾರಾ ಓದಿದರೆ ಹೋಗದೆ ಇರುತ್ತದೆಯೇ? ಈ ಭಾಷಣವಾಗಿ ಎರಡು ವರ್ಷ ತುಂಬುವ ಮೊದಲೇ, 1951ರಲ್ಲಿ, ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು ಎಂಬ ತಕರಾರಿನಿಂದ ಎದ್ದ ಹೋರಾಟ ಅದು. ಎಚ್. ಗಣಪತಿಯಪ್ಪ ಮುಂದೆ ನಿಂತರು. ಸೋಷಲಿಸ್ಟ್ ಪಕ್ಷ ಜೊತೆಯಾಯಿತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು.

ವಯಸ್ಕರಿಗೆಲ್ಲ ಮತ ಎಂಬ ನಿಯಮದಲ್ಲಿ ಮೊದಲ ಚುನಾವಣೆ ನಡೆದದ್ದು 1951-52ರಲ್ಲಿ. ಕಾಗೋಡಿನ ಹೋರಾಟ ಎದ್ದಾಗ ಆ ಚುನಾವಣೆ ಇನ್ನೂ ಬಂದಿರಲಿಲ್ಲ. ಸಂವಿಧಾನ ಜಾರಿಯಲ್ಲಿತ್ತು. ಆದರೆ ಗೇಣಿದಾರನ ಕೈಗೆ ಮತಪತ್ರ ಬಂದಿರಲಿಲ್ಲ. ಅಂಬೇಡ್ಕರ್ ಹಾಕಿದ ಷರತ್ತು ಪೂರ್ತಿಯಾಗಿತ್ತೇ? ನನ್ನ ಉತ್ತರ: ಇಲ್ಲ. ಅವರದೇ ವಾದದ ಅಳತೆಯಲ್ಲಿ ಕಾಗೋಡಿನವರ ಹೋರಾಟಕ್ಕೆ ಸಮರ್ಥನೆ ಇತ್ತು. ಗೆಳೆಯ ಒಪ್ಪುವುದಿಲ್ಲ. ಕೋರ್ಟು ತೆರೆದಿತ್ತು, ಮತದ ಹಕ್ಕು ಬರೆದಾಗಿತ್ತು, ಸ್ವಲ್ಪ ಕಾಯಬಹುದಿತ್ತು ಎನ್ನುತ್ತಾನೆ. 1952ರಲ್ಲಿ ಶಾಂತವೇರಿ ಗೋಪಾಲಗೌಡರು ಸೋಷಲಿಸ್ಟ್ ಪಕ್ಷದಿಂದ ಸಾಗರ-ಹೊಸನಗರ ಕ್ಷೇತ್ರದಲ್ಲಿ ಗೆದ್ದದ್ದನ್ನು ಅವನು ತನ್ನ ಸಾಕ್ಷಿ ಮಾಡಿಕೊಳ್ಳುತ್ತಾನೆ. ನಾನು 1974ನ್ನು ನನ್ನ ಸಾಕ್ಷಿ ಮಾಡಿಕೊಳ್ಳುತ್ತೇನೆ. ಉಳುವವನಿಗೇ ಭೂಮಿ ಎಂಬ ದೊಡ್ಡ ತಿದ್ದುಪಡಿ ದೇವರಾಜ ಅರಸು ಕಾಲದಲ್ಲಿ ಜಾರಿಗೆ ಬಂದದ್ದು ಆಗ. ಎಷ್ಟು ಕಾಲ ಕಾದರೆ ದಾರಿ ತೆರೆದಿದೆ ಅನ್ನಬಹುದು? ಈ ಪ್ರಶ್ನೆಯನ್ನು ಖಾಲಿ ಅರ್ಧ ಪುಟದಲ್ಲಿ ಹಾಗೆಯೇ ಬರೆದಿಟ್ಟಿದ್ದೇವೆ.

ಇದಕ್ಕೆ ಉತ್ತರ ಹುಡುಕಲು ಹೊರಗೆ ಹೋಗಬೇಕಿಲ್ಲ ಎಂದು ನನಗೆ ಅನ್ನಿಸುತ್ತಿದೆ. ಅದೇ ಭಾಷಣದ ಮುಂದಿನ ಪುಟದಲ್ಲಿ, 1950ರ ಜನವರಿ 26ಕ್ಕೆ ನಾವು ವೈರುಧ್ಯದ ಬದುಕಿಗೆ ಕಾಲಿಡುತ್ತಿದ್ದೇವೆ ಎನ್ನುತ್ತಾರೆ. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಆರ್ಥಿಕ ಬದುಕಿನಲ್ಲಿ ಅಸಮಾನತೆ. ಇದನ್ನು ಬೇಗ ಸರಿಪಡಿಸದಿದ್ದರೆ, ನೊಂದವರು ಈ ಪ್ರಜಾಪ್ರಭುತ್ವದ ಕಟ್ಟಡವನ್ನೇ ಕೆಡವುತ್ತಾರೆ ಎನ್ನುತ್ತಾರೆ. ಸತ್ಯಾಗ್ರಹ ಬೇಡ ಎಂಬ ಮಾತನ್ನು ಇದರಿಂದ ಬಿಡಿಸಿ ಓದಿದರೆ ಅಂಬೇಡ್ಕರ್ ಅವರಿಗೆ ಅನ್ಯಾಯವಾಗುತ್ತದೆ. ಬೀದಿಗಿಳಿಯಬೇಡಿ ಎಂದು ಜನರಿಗೆ ಹೇಳುವವರು, ಬೇಗ ಸರಿಪಡಿಸಿ ಎಂದು ಆಳುವವರಿಗೂ ಹೇಳಿದ್ದಾರೆ. ಭಾಷಣವನ್ನು ಚೂರು ಚೂರಾಗಿ ಹಂಚಿಕೊಳ್ಳುವವರು ತಮಗೆ ಬೇಕಾದ ಅರ್ಧ ಮಾತ್ರ ಎತ್ತಿಕೊಳ್ಳುತ್ತಾರೆ. ಅದಕ್ಕೇ ಈಗ ಈ ಎರಡು ಪ್ಯಾರಾಗಳ ನಡುವೆ ಗೆರೆ ಎಳೆದು ಜೋಡಿಸಿದ್ದೇವೆ. ಯಾವ ವಾದ ಯಾವುದಕ್ಕೆ ಆಸರೆ ಎಂದು ತೋರಿಸುವ ಇಂಥ ಗೆರೆಗಳು ಬಣ್ಣಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತಿವೆ.

ಒಂದು ಕಡೆ ಮಾತ್ರ ವಾದ ತೆಳುವಾಗಿದೆ ಅನಿಸಿತು. ಸಂವಿಧಾನವನ್ನು ಕಮ್ಯುನಿಸ್ಟರು, ಸೋಷಲಿಸ್ಟರು ಯಾಕೆ ಬೈಯುತ್ತಾರೆ ಎಂದು ಹೇಳುವಾಗ, ಅವರ ಟೀಕೆಗಿಂತ ಅವರ ಉದ್ದೇಶಕ್ಕೇ ಕೈಹಾಕುತ್ತಾರೆ. ಪರಿಹಾರ ಕೊಡದೆ ಆಸ್ತಿಯನ್ನು ರಾಷ್ಟ್ರೀಕರಣ ಮಾಡುವ ಸ್ವಾತಂತ್ರ್ಯ ಸೋಷಲಿಸ್ಟರಿಗೆ ಬೇಕಾಗಿದೆ ಎನ್ನುತ್ತಾರೆ. ಉದ್ದೇಶ ಏನೇ ಇರಲಿ, ಟೀಕೆ ಸರಿಯೋ ತಪ್ಪೋ ಎಂಬುದು ಬೇರೆಯೇ ಪ್ರಶ್ನೆ. ಇದಕ್ಕೆ ಬೂದು ಬಣ್ಣ ಹಚ್ಚಿದೆವು. ಇಬ್ಬರ ಪ್ರತಿಯಲ್ಲೂ ಒಂದೇ ಬಣ್ಣ.

ಇನ್ನು ಉಳಿದಿರುವುದು ಭಕ್ತಿ ಮತ್ತು ವ್ಯಕ್ತಿಪೂಜೆಯ ಪ್ಯಾರಾ. ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್, ಐರ್ಲೆಂಡಿನ ನಾಯಕ ಡೇನಿಯಲ್ ಓ'ಕಾನೆಲ್ ಇಬ್ಬರ ಮಾತನ್ನೂ ಅಲ್ಲಿ ತರುತ್ತಾರೆ. ದೊಡ್ಡವರನ್ನು ಕಣ್ಣುಮುಚ್ಚಿ ನಂಬಬೇಡಿ ಎನ್ನುವುದಕ್ಕೆ ದೊಡ್ಡವರ ಮಾತನ್ನೇ ಆಧಾರ ಮಾಡಿಕೊಂಡಿದ್ದಾರೆ. ಅದು ಹೇಗೆ ನಿಲ್ಲುತ್ತದೆ ಎಂದು ನಿಧಾನವಾಗಿ ನೋಡಬೇಕು. ಅದು ಮುಗಿದ ಮೇಲೆ ಗೋಪಾಲಗೌಡರು ವಿಧಾನಸಭೆಯಲ್ಲಿ ಆಡಿದ ಮಾತುಗಳನ್ನು ನಡಾವಳಿಯಿಂದ ತೆಗೆದು, ಇದೇ ಪೆನ್ಸಿಲ್‌ಗಳಿಂದ ಗುರುತು ಹಾಕುತ್ತೇವೆ. ಭೂಮಿ ಮತ್ತು ಗೇಣಿಯ ಚರ್ಚೆಗಳಿಂದಲೇ ಶುರು. ಹಳದಿ ಅಲ್ಲಿ ಎಷ್ಟು ಬೀಳುತ್ತದೆ ಎಂದು ನೋಡಬೇಕಿದೆ.