ಕಟ್ಟುವಾಗಲೇ ಬಿಚ್ಚುವ ಯೋಚನೆ

ಚೀಲದ ಬಾಯಿ ಹೊಲಿದ ದಾರವನ್ನು ಯಾರಾದರೂ ಕತ್ತರಿಯಿಂದ ಕಚಕಚ ಕತ್ತರಿಸಿ ಎಸೆದರೆ ನನಗೆ ಹೊಟ್ಟೆ ಉರಿಯುತ್ತದೆ. ಅದು ಪೂರ್ತಿ ಬಿಚ್ಚಿಕೊಳ್ಳಲೆಂದೇ ಹಾಕಿದ ಹೊಲಿಗೆ. ಚೀಲವನ್ನು ತಿರುಗಿಸಿ ನೋಡಿ. ಒಂದು ಬದಿಯಲ್ಲಿ ಸಾದಾ ಹೊಲಿಗೆ ಕಾಣುತ್ತದೆ, ಇನ್ನೊಂದು ಬದಿಯಲ್ಲಿ ಒಂದರೊಳಗೊಂದು ತೂರಿದ ಕುಣಿಕೆಗಳ ಸಾಲು. ಪ್ರತಿ ಕುಣಿಕೆಯನ್ನೂ ಅದರ ಮುಂದಿನ ಕುಣಿಕೆ ಹಿಡಿದುಕೊಂಡಿರುತ್ತದೆ. ಹಾಗಾಗಿ ಹೊಲಿಗೆ ಶುರುವಾದ ತುದಿಯಲ್ಲಿ ಎಷ್ಟು ಎಳೆದರೂ ಅದು ಬಿಗಿಯುತ್ತದೆ, ಬಿಚ್ಚುವುದಿಲ್ಲ. ಹೊಲಿಗೆ ಮುಗಿದ ತುದಿಗೆ ಹೋಗಿ, ಕೊನೆಯ ಕುಣಿಕೆಯನ್ನು ಉಗುರಿನಿಂದ ಸಡಿಲಿಸಿ, ಅದರೊಳಗಿಂದ ಬಾಲವನ್ನು ಹೊರತೆಗೆದು ಎಳೆಯಿರಿ. ಸರ್ ಅಂತ ಇಡೀ ದಾರ ಕೈಗೆ ಬರುತ್ತದೆ. ಯಾವ ತುದಿ ಅಂತ ಗೊತ್ತಾಗದಿದ್ದರೆ ಎರಡೂ ಕಡೆ ಎಳೆದು ನೋಡಿದರಾಯಿತು.

ದಾರ ಉಳಿಸುವುದು ಅಂದರೆ ಡಬ್ಬಿಯಲ್ಲಿ ತುಂಬಿಡುವುದು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ದಾರ ಮತ್ತೆ ಕೆಲಸಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ಅದನ್ನು ಕಟ್ಟುವಾಗಲೇ ತೀರ್ಮಾನವಾಗಿರುತ್ತದೆ. ಇದನ್ನು ನಾನು ಕಲಿತದ್ದು ನಮ್ಮ ಅತ್ತೆಯಿಂದ. ಗಿಡಕ್ಕೆ ಕೋಲು ಕಟ್ಟುವಾಗ ಅವರು ಕೊನೆಯ ಗಂಟಿನಲ್ಲಿ ತುದಿಯನ್ನು ಪೂರ್ತಿ ಎಳೆದುಕೊಳ್ಳುವುದಿಲ್ಲ. ಮಡಚಿ, ಕುಣಿಕೆಯಾಗಿಯೇ ತೂರಿಸಿ ಬಿಡುತ್ತಾರೆ. ಗಿಡ ಬೆಳೆದು ಕಟ್ಟು ಬಿಗಿಯಾದಾಗ ಬಾಲ ಎಳೆದರೆ ಸಾಕು. "ಕುಣಿಕೆ ಬಿಡಮ್ಮಾ, ನಾಳೆ ಬಿಚ್ಚೋಳೂ ನೀನೇ ಅಲ್ವಾ?" ಅನ್ನುತ್ತಿದ್ದರು.

ಟೊಮ್ಯಾಟೊ ಗಿಡಕ್ಕೂ ಇದೇ ಗಂಟು. ಮೊದಲು ಕೋಲಿಗೆ ಬಿಗಿಯಾಗಿ ಸುತ್ತಿ, ಕೋಲು ಮತ್ತು ಕಾಂಡದ ನಡುವೆ ದಾರವನ್ನು ಒಮ್ಮೆ ಅಡ್ಡ ಹಾಯಿಸಿ, ಕಾಂಡದ ಸುತ್ತ ಬೆರಳು ಹೋಗುವಷ್ಟು ಸಡಿಲ ಬಿಡಬೇಕು. ಇದಕ್ಕೆ ಸೆಣಬು ಅಥವಾ ಹತ್ತಿಯ ದಾರವೇ ಒಳ್ಳೆಯದು. ಮೆತ್ತಗಿರುತ್ತದೆ, ಕಾಂಡ ಕೊಯ್ಯುವುದಿಲ್ಲ. ಒಂದು ಮಾತು ಮಾತ್ರ ನೆನಪಿಡಿ. ಎಲೆ ಮುರುಟಿ ಮಚ್ಚೆ ಬಿದ್ದ ಗಿಡದ ದಾರವನ್ನು ಮತ್ತೆ ಬಳಸಬೇಡಿ. ಟೊಮ್ಯಾಟೊದ ಮೊಸಾಯಿಕ್ ವೈರಸ್ ದಾರ, ಕೋಲುಗಳಿಗೆ ಅಂಟಿಕೊಂಡು ಮುಂದಿನ ಬೆಳೆಗೂ ದಾಟಬಲ್ಲದು. ಅಲ್ಲಿ ನಾನು ಜಿಪುಣತನ ಮಾಡುವುದಿಲ್ಲ.

ಕಗ್ಗಂಟಾಗಿದ್ದರೆ? ಎಳೆಯಲೇಬೇಡಿ. ಎರಡೂ ಕಡೆಯಿಂದ ದಾರವನ್ನು ಗಂಟಿನೊಳಕ್ಕೆ ತಳ್ಳಿ, ಬೆರಳುಗಳ ಮಧ್ಯೆ ಹೊರಳಿಸಿ, ಆಮೇಲೆ ದಪ್ಪ ಸೂಜಿಯ ಮೊನೆ ತೂರಿಸಿ. ನಾರಿನ ದಾರ ಒದ್ದೆಯಾಗಿದ್ದರೆ ಒಣಗುವ ತನಕ ಸುಮ್ನೆ ಬಿಡಿ. ನೀರು ಕುಡಿದ ನಾರು ಉಬ್ಬಿ ಗಂಟು ಇನ್ನಷ್ಟು ಕಚ್ಚಿಕೊಳ್ಳುತ್ತದೆ.

ಬಿಚ್ಚಿದ ದಾರವನ್ನು ನಾನು ಬೆರಳಿಗೆ ಗುಂಡಗೆ ಸುತ್ತುವುದಿಲ್ಲ. ಗುಂಡಗೆ ಸುತ್ತಿದ್ದನ್ನು ಉರುಳಿಸಿ ಬಿಚ್ಚದೆ ಹಾಗೇ ಎಳೆದಾಗ ಸುತ್ತಿಗೊಂದು ತಿರುಚು ಸೇರಿಕೊಂಡು ಸಿಕ್ಕಾಗುತ್ತದೆ. ಹೆಬ್ಬೆರಳು ಮತ್ತು ಕಿರುಬೆರಳಿನ ನಡುವೆ ಎಂಟರ ಆಕಾರದಲ್ಲಿ ಸುತ್ತಿದರೆ ಒಂದು ಕಡೆಯ ತಿರುಚನ್ನು ಇನ್ನೊಂದು ಕಡೆಯದು ಕಳೆಯುತ್ತದೆ. ಕೊನೆಗೆ ನಡುವಿಗೆ ಒಂದೆರಡು ಸುತ್ತು ಹಾಕಿ ತುದಿ ಸಿಕ್ಕಿಸಿದರೆ ಮುಗಿಯಿತು.

ನಾರಿನ ದಾರ ಒಂದು ಡಬ್ಬಿ, ಪ್ಲಾಸ್ಟಿಕ್ ದಾರ ಇನ್ನೊಂದು. ಇವೆರಡನ್ನೂ ನಾನು ಕಲಸುವುದೇ ಇಲ್ಲ. ಸೆಣಬು, ಹತ್ತಿಯ ಚೂರುಗಳು ಕಾಂಪೋಸ್ಟ್ ಗುಂಡಿಗೆ ಹೋದರೆ ಮಣ್ಣಾಗುತ್ತವೆ. ಪ್ಲಾಸ್ಟಿಕ್ ದಾರ ಬಿಸಿಲಿಗೆ ಪೆಡಸಾಗಿ ಪುಡಿಪುಡಿಯಾಗಿ ಮಣ್ಣಿನಲ್ಲೇ ಉಳಿಯುತ್ತದೆ. ಅದಕ್ಕಿಂತ ನನ್ನನ್ನು ಕಾಡುವುದು ಹಕ್ಕಿಗಳ ವಿಷಯ. ಗೂಡು ಕಟ್ಟಲು ಅವು ಸಿಕ್ಕ ದಾರವನ್ನೆಲ್ಲ ಎತ್ತಿಕೊಂಡು ಹೋಗುತ್ತವೆ. ಅದು ಮರಿಗಳ ಕಾಲಿಗೆ ಸುತ್ತಿಕೊಂಡು ಬಿಗಿಯುತ್ತದೆ. ತೋಟದಲ್ಲಿ ಒಂದು ಎಳೆ ಬಿದ್ದಿದ್ದರೂ ಎತ್ತಿ ಜೇಬಿಗೆ ಹಾಕಿಕೊಳ್ಳಿ.

ಹತ್ತಿಯ ದಾರಕ್ಕೆ ಇನ್ನೊಂದು ಗುಣವಿದೆ. ಊರಿಗೆ ಹೋಗುವಾಗ ಬಕೆಟ್ ನೀರನ್ನು ಕುಂಡಕ್ಕಿಂತ ತುಸು ಎತ್ತರದಲ್ಲಿಟ್ಟು, ಒದ್ದೆ ಮಾಡಿದ ದಪ್ಪ ದಾರದ ಒಂದು ತುದಿಯನ್ನು ಬಕೆಟ್‌ನ ತಳಕ್ಕೆ ಮುಟ್ಟಿಸಿ ಇನ್ನೊಂದನ್ನು ಮಣ್ಣಲ್ಲಿ ಹೂತರೆ ಗಿಡ ನಿಧಾನವಾಗಿ ನೀರು ಕುಡಿಯುತ್ತದೆ. ನೈಲಾನ್‌ನಲ್ಲಿ ಇದು ಅಷ್ಟು ಚೆನ್ನಾಗಿ ಆಗುವುದಿಲ್ಲ.

ಚೀಲದ ತೆಳು ದಾರಗಳು ಒಂಟಿಯಾಗಿ ಹೆಚ್ಚು ಭಾರ ತಾಳುವುದಿಲ್ಲ. ಅವನ್ನು ನಾನು ಹೊಸೆದು ಹುರಿ ಮಾಡುತ್ತೇನೆ. ಇದು ನನಗೆ ತುಂಬ ಇಷ್ಟವಾದ ಕೆಲಸ. ಉದ್ದನೆಯ ದಾರವನ್ನು ಮಡಚಿ, ಮಡಿಕೆಯನ್ನು ಒಂದು ಮೊಳೆಗೆ ಸಿಕ್ಕಿಸಿ. ಸರಿ ಮಧ್ಯಕ್ಕೆ ಮಡಚಬೇಡಿ, ಒಂದು ಎಳೆ ಗಿಡ್ಡವಿರಲಿ. ಆಗ ಮುಂದೆ ಹೊಸ ದಾರ ಸೇರಿಸುವ ಜಾಗ ಎರಡೂ ಎಳೆಗಳಲ್ಲಿ ಒಟ್ಟಿಗೆ ಬರುವುದಿಲ್ಲ. ಬಲಗಡೆಯ ಎಳೆಯನ್ನು ಬಲಕ್ಕೆ ತಿರುಚಿ, ಎಡಗಡೆಯದರ ಮೇಲಿಂದ ಎಡಕ್ಕೆ ದಾಟಿಸಿ. ಈಗ ಬಲಕ್ಕೆ ಬಂದದ್ದನ್ನು ಹಿಡಿದು ಮತ್ತೆ ಅದೇ ಕೆಲಸ. ಎಳೆಗಳು ಒಂದು ದಿಕ್ಕಿಗೆ ಬಿಚ್ಚಿಕೊಳ್ಳಲು ನೋಡುತ್ತವೆ, ಹುರಿ ಇನ್ನೊಂದು ದಿಕ್ಕಿಗೆ. ಹೀಗೆ ಒಂದನ್ನೊಂದು ತಡೆಯುವುದರಿಂದಲೇ ಹಗ್ಗ ಹಗ್ಗವಾಗಿ ನಿಲ್ಲುತ್ತದೆ. ಎಳೆ ಮುಗಿಯುತ್ತಾ ಬಂದಾಗ ಗಂಟು ಹಾಕದೆ, ಹೊಸದನ್ನು ಪಕ್ಕಕ್ಕಿಟ್ಟು ಒಂದು ಗೇಣಿನಷ್ಟು ಜೊತೆಯಲ್ಲೇ ಹೊಸೆಯಿರಿ. ಗಂಟಿರುವ ಜಾಗದಲ್ಲಿ ದಾರದ ಬಲ ಸುಮಾರು ಅರ್ಧಕ್ಕೆ ಇಳಿಯಬಹುದು.

ನಮ್ಮ ಕುಂಬಳದ ಹಂಬು ಈಗ ಇಂಥದೇ ಹುರಿ ಹಿಡಿದು ಚಪ್ಪರಕ್ಕೆ ಹತ್ತುತ್ತಿದೆ. ಹಂಬಿಗೆ, ಬಟ್ಟೆ ಒಣಹಾಕಲು, ಹಳೇ ಪೇಪರ್ ಕಟ್ಟಲು ಇದು ಧಾರಾಳ ಸಾಕು. ಜೋಕಾಲಿಗೆ, ಏಣಿ ಕಟ್ಟಲು, ತಲೆ ಮೇಲೆ ತೂಗುವ ಭಾರದ ಕುಂಡಕ್ಕೆ ಮಾತ್ರ ಹೊಸ ಹಗ್ಗವನ್ನೇ ತನ್ನಿ.