ಮಹಡಿಯ ಮೇಲೊಂದು ಪನಾಮಾ ಲಾಕ್: ಈವರೆಗಿನ ಕೆಲಸ

ಪನಾಮಾ ಕಾಲುವೆಯ ಹಳೆಯ ಲಾಕ್‌ನ ಮಾದರಿ ಕೊನೆಗೂ ನೀರು ಹಿಡಿದು ನಿಂತಿದೆ. ಲಾಕ್ ಎಂದರೆ ನೀರು ತುಂಬಿಸಿ ಹಡಗನ್ನು ಮೇಲೇರಿಸುವ, ನೀರು ಬಿಟ್ಟು ಕೆಳಗಿಳಿಸುವ ಬಾಗಿಲುಳ್ಳ ಕೋಣೆ. ಪ್ರಮಾಣ 1:300. 1914ರಲ್ಲಿ ತೆರೆದ ಆ ಲಾಕ್‌ನ ಕೋಣೆ 305 ಮೀಟರ್ ಉದ್ದ, 33.5 ಮೀಟರ್ ಅಗಲ. ನನ್ನ ಅಕ್ರಿಲಿಕ್ ತೊಟ್ಟಿ ಒಂದು ಮೀಟರಿಗಿಂತ ತುಸು ಉದ್ದ, 112 ಮಿಲಿಮೀಟರ್ ಅಗಲ. 1:200ರಲ್ಲಿ ಮಾಡುವ ಆಸೆಯಿತ್ತು, ಆದರೆ ಒಂದೂವರೆ ಮೀಟರ್ ಉದ್ದದ ತೊಟ್ಟಿ ನಮ್ಮ ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಹಾಯುವುದಿಲ್ಲ. ಆ ತಿರುವೇ ನನ್ನ ಮನೆಯ ಪನಾಮ್ಯಾಕ್ಸ್.

ಪನಾಮ್ಯಾಕ್ಸ್ ಎಂದರೆ ಹಳೆಯ ಲಾಕ್‌ಗಳಲ್ಲಿ ಸಾಗಬಹುದಾದ ಅತಿ ದೊಡ್ಡ ಹಡಗಿನ ಅಳತೆ: ಉದ್ದ 294.13 ಮೀಟರ್, ಅಗಲ 32.31 ಮೀಟರ್, ನೀರಿನೊಳಗಿನ ಆಳ 12.04 ಮೀಟರ್. ಪ್ಲೈವುಡ್ಡಿನಲ್ಲಿ ಮಾಡಿಸಿದ ಹಡಗು ಈ ಲೆಕ್ಕದಲ್ಲಿ 980 ಮಿಲಿಮೀಟರ್ ಉದ್ದ, 108 ಮಿಲಿಮೀಟರ್ ಅಗಲ. 40 ಮಿಲಿಮೀಟರ್ ಗುರುತಿನವರೆಗೆ ಅದನ್ನು ಮುಳುಗಿಸಲು ಒಡಲಿನೊಳಗೆ ಕಬ್ಬಿಣದ ನಟ್ಟುಗಳನ್ನು ಸುರಿಯಬೇಕಾಯಿತು. ಒಟ್ಟು ತೂಕ ಮೂರೂವರೆ ಕಿಲೋ ಹತ್ತಿರ. ಆ ನಟ್ಟುಗಳನ್ನು ಕೊಟ್ಟ ಗೋಕುಲ ರಸ್ತೆಯ ಲೇಥ್ ಅಂಗಡಿಯವರು ತೊಟ್ಟಿಯ ಚಿತ್ರ ನೋಡಿ, “ಎರಡೂ ಬದಿಗೆ ಎರಡೆರಡೇ ಮಿಲಿಮೀಟರ್ ಬಿಟ್ಟಿದ್ದೀರಲ್ಲ ಸರ್, ಇಂಥದ್ದನ್ನು ನಡೆಸುವ ಡ್ರೈವರ್‌ಗೆ ಸಂಬಳ ಎಷ್ಟಿರಬಹುದು?” ಎಂದು ಕೇಳಿದರು. ನಿಜವಾದ ಲಾಕ್‌ನಲ್ಲೂ ಆ ಸಂದು ಬದಿಗೆ ಸುಮಾರು 60 ಸೆಂಟಿಮೀಟರ್ ಮಾತ್ರ. ಅಲ್ಲಿ ಹಡಗಿನ ಕಪ್ತಾನನೂ ಚುಕ್ಕಾಣಿಯ ಅಧಿಕಾರವನ್ನು ಕಾಲುವೆಯ ಪೈಲಟ್‌ಗೆ ಬಿಟ್ಟುಕೊಡಬೇಕು. ಗೋಡೆಯ ಮೇಲಿನ ಹಳಿಗಳಲ್ಲಿ ಓಡುವ ವಿದ್ಯುತ್ ಎಂಜಿನ್‌ಗಳು ಉಕ್ಕಿನ ಹಗ್ಗಗಳಿಂದ ಹಡಗನ್ನು ನಡುವಿನಲ್ಲೇ ಹಿಡಿದಿಡುತ್ತವೆ. ನಾನು ಮೀನು ಹಿಡಿಯುವ ನೈಲಾನ್ ದಾರ ಕಟ್ಟಿ ಕೈಯಲ್ಲೇ ಎಳೆಯುತ್ತಿದ್ದೇನೆ.

ಎಳೆದಾಗ ಕಂಡದ್ದು ಬಹಳ ಸ್ವಾರಸ್ಯದ ಸಂಗತಿ. ಹಡಗು ಒಳಗೆ ಬಂದಷ್ಟೂ ಮುಂದಿನ ನೀರಿಗೆ ಹೋಗಲು ದಾರಿಯಿಲ್ಲ. ಬದಿಯ ಸಂದಿನಿಂದಲೂ ತಳದಿಂದಲೂ ಹಿಂದಕ್ಕೆ ನುಸುಳಬೇಕು. ಸ್ವಲ್ಪ ಜೋರಾಗಿ ಎಳೆದರೆ ಮುಂಭಾಗದಲ್ಲಿ ನೀರು ಏರಿ ಹಡಗನ್ನೇ ಹಿಂದಕ್ಕೆ ನೂಕುತ್ತದೆ. ದೊಡ್ಡ ಹಡಗುಗಳು ಲಾಕ್‌ನೊಳಗೆ ತೆವಳುವಂತೆ ಸಾಗುವುದೇಕೆ ಎಂಬುದು ದಾರ ಹಿಡಿದ ಬೆರಳಿಗೇ ತಿಳಿಯುತ್ತದೆ. ಎರಡು ಮಿಲಿಮೀಟರ್ ಸಂದಿನಲ್ಲಿ ನೀರಿನ ಅಂಟುಗುಣವೂ ಜೋರು ಮಾಡುವುದರಿಂದ ಮಾದರಿ ಇಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಮಾಡುತ್ತದೆ ಎಂಬುದನ್ನೂ ಹೇಳಬೇಕು.

ಬಾಗಿಲುಗಳ ಕೆಲಸ ಸುಲಭವಾಗಿ ಮುಗಿಯಿತು. ಎರಡು ಅಲ್ಯೂಮಿನಿಯಂ ಕದಗಳು ಎತ್ತರದ ನೀರಿನ ಕಡೆಗೆ ಮೂತಿ ಮಾಡಿ ಕೋನವಾಗಿ ಸೇರುತ್ತವೆ, ಅಂಚಿಗೆ ಸೈಕಲ್ ಟ್ಯೂಬಿನ ಪಟ್ಟಿ. ಮೇಲಿನ ನೀರು ಏರಿದಷ್ಟೂ ಬಾಗಿಲು ಬಿಗಿಯಾಗುತ್ತದೆ, ಚಿಲಕವೇ ಬೇಡ. ಹಡಗಿನ ಎತ್ತರದ ಮಿತಿ ತೋರಿಸಲು, ಕಾಲುವೆಯ ಮೇಲೆ ಹಾಯುವ ಅಮೆರಿಕಾಸ್ ಸೇತುವೆಯ ಬದಲು ನೀರಿನಿಂದ 193 ಮಿಲಿಮೀಟರ್ ಮೇಲೆ ಒಂದು ನೂಲು ಕಟ್ಟಿದ್ದೇನೆ. ನಿಜದಲ್ಲಿ ಅದು 57.91 ಮೀಟರ್.

ಅಗಲ ಕಾಂಕ್ರೀಟಿನದು, ಎತ್ತರ ಸೇತುವೆಯದು, ಅವು ಅಲುಗುವುದಿಲ್ಲ. ಅಲುಗುವುದು ಆಳ. 12.04 ಮೀಟರ್ ಎಂಬುದು ಸಿಹಿನೀರಿನ ಅಳತೆ, ಏಕೆಂದರೆ ಸಮುದ್ರಕ್ಕಿಂತ 26 ಮೀಟರ್ ಎತ್ತರದಲ್ಲಿರುವ ಗಾಟುನ್ ಸರೋವರ ಸಿಹಿನೀರಿನದು, ಅದರಲ್ಲಿ ಹಡಗು ಇನ್ನಷ್ಟು ಕೆಳಗಿಳಿಯುತ್ತದೆ. ತೊಟ್ಟಿಗೆ ಉಪ್ಪು ಕಲಸಿ ನೋಡಿದೆ: ಹಡಗು ಒಂದು ಮಿಲಿಮೀಟರಿನಷ್ಟು ಎದ್ದಿತು. ಕಡಿಮೆಯೆನಿಸಿದರೂ ನಿಜದ ಲೆಕ್ಕದಲ್ಲಿ ಅದು ಸುಮಾರು ಒಂದು ಅಡಿ. ಸರೋವರ ಬತ್ತಿದರೆ ಮಿತಿಯೂ ಇಳಿಯುತ್ತದೆ. 2016ರಲ್ಲಿ ತೆರೆದ ಹೊಸ ಲಾಕ್‌ಗಳು 427 ಮೀಟರ್ ಉದ್ದ, 55 ಮೀಟರ್ ಅಗಲವಿದ್ದರೂ 2023ರ ಬರದಲ್ಲಿ ಅಲ್ಲಿನ ಅನುಮತಿಯ ಆಳವನ್ನು 15.2 ಮೀಟರಿನಿಂದ 13.4ಕ್ಕೆ ಇಳಿಸಿದರು. ಅದೇ ಹಡಗು, ಅದೇ ಗೋಡೆ, ಕಂಟೇನರ್ ಮಾತ್ರ ಕಡಿಮೆ.

ನೀರಿನ ಲೆಕ್ಕಕ್ಕೆ ಬಂದಾಗ ನನ್ನ ಮನೆಯವರೂ ಆಸಕ್ತಿ ತೋರಿದರು, ಪ್ರೀತಿಯಿಂದೇನಲ್ಲ. ಒಮ್ಮೆ ಹಡಗನ್ನು ಒಂದು ಮೆಟ್ಟಿಲು, ಅಂದರೆ ಒಂದು ಕೋಣೆಯಷ್ಟು, ಏರಿಸಲು 3.3 ಲೀಟರ್ ಬೇಕು. ತೊಟ್ಟಿಯಲ್ಲಿ ಪನಾಮ್ಯಾಕ್ಸ್ ಇರಲಿ, ಕಾಗದದ ದೋಣಿ ಇರಲಿ, ಅಷ್ಟೇ ನೀರು: ಕೋಣೆಯ ವಿಸ್ತೀರ್ಣ ಗುಣಿಸು ಏರುವ ಎತ್ತರ. ನಲ್ಲಿ ನೀರಿಗೆ ದಿನ ಎಣಿಸುವ ಹುಬ್ಬಳ್ಳಿಯಲ್ಲಿ ಇದನ್ನು ಮೋರಿಗೆ ಬಿಡುವಂತಿಲ್ಲ.

ಹಾಗಾಗಿ ಹೊಸ ಲಾಕ್‌ನ ಉಪಾಯವನ್ನು ಹಳೆಯದಕ್ಕೆ ಜೋಡಿಸುತ್ತಿದ್ದೇನೆ, ಶುದ್ಧವಾದಿಗಳು ಬೈಯಲಿ. ಅಲ್ಲಿ ಪ್ರತಿ ಕೋಣೆಯ ಪಕ್ಕದಲ್ಲಿ ಮೆಟ್ಟಿಲಂತೆ ಮೂರು ಕೊಳಗಳಿವೆ. ಕೋಣೆಯ ನೀರನ್ನು ಐದು ಪದರವೆಂದು ಊಹಿಸಿ. ಮೇಲಿನ ಪದರ ತನಗಿಂತ ಒಂದು ಪದರ ಕೆಳಗಿರುವ ಕೊಳಕ್ಕೆ, ಅದರ ಕೆಳಗಿನದು ಮುಂದಿನ ಕೊಳಕ್ಕೆ, ಮೂರನೆಯದು ಕೊನೆಯದಕ್ಕೆ ಇಳಿಯುತ್ತದೆ. ಮತ್ತೆ ತುಂಬುವಾಗ ತಗ್ಗಿನ ಕೊಳದಿಂದ ಆರಂಭಿಸಿ ಕೋಣೆಯ ತಳದ ಮೂರು ಪದರ ತುಂಬಿಸಬಹುದು. ಐದರಲ್ಲಿ ಮೂರು ಉಳಿಯಿತು, ಅಂದರೆ ಶೇಕಡಾ 60. ಪಂಪು ಎಲ್ಲಿಯೂ ಇಲ್ಲ, ನೀರು ಇಳಿದೇ ಕೆಲಸ ಮಾಡುತ್ತದೆ. ಹಾಗೆ ಇಳಿಯಬೇಕಾದ ಕಾರಣಕ್ಕೇ ಉಳಿದ ಎರಡು ಪದರ ಕೈತಪ್ಪುತ್ತವೆ.

ಮೂರು ಕೊಳಗಳ ಹಾಳೆಗಳು ಕತ್ತರಿಸಿ ಬಂದಿವೆ, ಮೊದಲನೆಯದರ ಸಿಲಿಕಾನ್ ಒಣಗುತ್ತಿದೆ. ಕವಾಟಕ್ಕೆ ಹನಿ ನೀರಾವರಿ ಅಂಗಡಿಯ 16 ಮಿಲಿಮೀಟರ್ ವಾಲ್ವ್ ತಂದಿದ್ದೇನೆ. ಪೂರ್ತಿ ತೆರೆದರೆ ಹಡಗು ಗೋಡೆಗೆ ಬಡಿಯುವಷ್ಟು ರಭಸ, ಆದ್ದರಿಂದ ನೀರನ್ನು ಒಂದೇ ಕಡೆಯಿಂದ ಬಿಡದೆ ತಳದ ಉದ್ದಕ್ಕೂ ಸಣ್ಣ ತೂತುಗಳಿಂದ ಹಂಚಬೇಕು. ಮುಂದಿನ ವಾರ ಡ್ರಿಲ್ಲಿಂಗ್.